ಕುಳಿತವರಿಗೂ ಒಂದು ಅಳತೆಯಿದೆ

ಹಬ್ಬಕ್ಕೆ ಬಟ್ಟೆ ತೆಗೆಯಲು ಹೊರಡುವ ಮುನ್ನ ಮನೆಯಲ್ಲಿ ಒಂದು ಪಟ್ಟಿ ತಯಾರಾಗುತ್ತದೆಯಲ್ಲವೇ? ಮಕ್ಕಳಿಗೆ ಇಷ್ಟು, ಸೊಸೆಗೆ ಇಂಥದ್ದು, ಯಜಮಾನರಿಗೊಂದು ಬಿಳಿ ಶರ್ಟು, ಹೀಗೆ. ಆ ಮನೆಯಲ್ಲಿ ಗಾಲಿಕುರ್ಚಿಯಲ್ಲಿರುವ ಗಂಡಸೊಬ್ಬರಿದ್ದರೆ ಅವರ ಹೆಸರಿನ ಮುಂದೆ ಏನು ಬರೆಯುತ್ತೀರಿ? ಹೆಚ್ಚಾಗಿ ಒಂದು ಲುಂಗಿ, ಒಂದು ಬನಿಯನ್. ಜೊತೆಗೆ "ಅವನಿಗೆ ಎಲ್ಲಿಗೆ ಹೋಗಲಿಕ್ಕುಂಟು?" ಎಂಬ ಮಾತು. ಹಾಗೆ ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ದಿನಾ ಬಟ್ಟೆ ಹಾಕಿಸುವ ತಾಯಿಯ, ಹೆಂಡತಿಯ ಸೊಂಟನೋವೂ ಆ ಮಾತಿನೊಳಗಿದೆ. ಆದರೆ ಹಾಕಿಕೊಳ್ಳಲು ಸರಿಯಾದ ಬಟ್ಟೆಯಿಲ್ಲ ಎಂಬ ಕಾರಣಕ್ಕೇ ಆತ ಎಲ್ಲಿಗೂ ಹೋಗದೆ ಉಳಿದಿರಬಹುದು. ಮದುವೆಗೆ ಕರೆದರೆ ತಲೆನೋವು ಎನ್ನುತ್ತಾರೆ, ಜುಮಾಕ್ಕೆ ಕರೆದರೆ ಮುಂದಿನ ವಾರ ನೋಡೋಣ ಎನ್ನುತ್ತಾರೆ. ಅವರ ಕಪಾಟು ತೆರೆದು ನೋಡಿದರೆ ನಿಜವಾದ ಕಾರಣ ಸಿಕ್ಕೀತು.

2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ವಿಕಲಚೇತನರು 2.68 ಕೋಟಿ. ಅವರಲ್ಲಿ ಚಲನೆಗೆ ಸಂಬಂಧಿಸಿದ ವೈಕಲ್ಯ ಇರುವವರೇ 54 ಲಕ್ಷ. ಎಲ್ಲರೂ ಗಾಲಿಕುರ್ಚಿ ಬಳಸುವವರಲ್ಲ. ಆದರೆ ನಮ್ಮ ಕರಾವಳಿಯ ಊರುಗಳಲ್ಲಿ ತೆಂಗಿನ ಮರದಿಂದಲೋ ಅಡಿಕೆ ಮರದಿಂದಲೋ ಬಿದ್ದು, ಬೈಕ್ ಅಪಘಾತದಲ್ಲಿ, ಕಟ್ಟಡದ ಕೆಲಸದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಮನೆ ಯಾರಿಗೆ ಗೊತ್ತಿಲ್ಲ? ಬೆನ್ನುಹುರಿಯ ಪೆಟ್ಟಿಗೆ ಗುರಿಯಾಗುವವರಲ್ಲಿ ದುಡಿಯುವ ಪ್ರಾಯದ ಗಂಡಸರೇ ಹೆಚ್ಚು. ನಿನ್ನೆಯ ವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದವರು ಅವರು. ಕಾಲು ಸೋತಿತೆಂದು ಚೆನ್ನಾಗಿ ಕಾಣುವ ಆಸೆ ಸೋಲುವುದಿಲ್ಲ.

ತೊಂದರೆ ಎಲ್ಲಿದೆ?

ಅಂಗಡಿಯ ಬಟ್ಟೆಯನ್ನೆಲ್ಲ ಕತ್ತರಿಸುವುದು ನಿಂತ ದೇಹಕ್ಕೆ. ನೀವೇ ಪ್ಯಾಂಟ್ ಹಾಕಿಕೊಂಡವರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ನೋಡಿ. ಮುಂಭಾಗದಲ್ಲಿ ಬಟ್ಟೆ ಮುದ್ದೆಯಾಗಿ ಹೊಟ್ಟೆಯ ಕೆಳಗೆ ಉಬ್ಬುತ್ತದೆ. ಹಿಂಭಾಗದಲ್ಲಿ ಸೊಂಟಪಟ್ಟಿ ಕೆಳಗೆ ಜಾರಿ ಬೆನ್ನು ಕಾಣಿಸುತ್ತದೆ. ಕಾಲಿನ ತುದಿ ಮೇಲಕ್ಕೇರಿ ಕಣಕಾಲು ಹೊರಬೀಳುತ್ತದೆ. ನಾವಾದರೆ ಹತ್ತು ನಿಮಿಷ ಕುಳಿತು ಏಳುತ್ತೇವೆ, ಪ್ಯಾಂಟ್ ಎಳೆದು ಸರಿಮಾಡಿಕೊಳ್ಳುತ್ತೇವೆ. ಬೆಳಿಗ್ಗೆಯಿಂದ ಸಂಜೆಯ ವರೆಗೆ ಕುಳಿತೇ ಇರುವವರ ಸಂಗತಿ ಬೇರೆ. ಹಿಂಬದಿ ತೆರೆದುಕೊಳ್ಳುವುದು ಚಂದದ ಪ್ರಶ್ನೆ ಮಾತ್ರವಲ್ಲ, ನಮಾಝಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರೂ ಸತ್ರ್‌ನ ಚಿಂತೆ ಅವರನ್ನು ಕಾಡುತ್ತದೆ.

ಪರಿಹಾರ ಮಾತ್ರ ಸರಳ. ಅಳತೆಯನ್ನು ಕುಳಿತಲ್ಲೇ ತೆಗೆಯಬೇಕು. ಟೈಲರ್ ಅಂಗಡಿಗೆ ಮೆಟ್ಟಿಲಿದ್ದರೆ ಅವರನ್ನೇ ಮನೆಗೆ ಕರೆಸಿ. ಉದ್ದದ ಅಳತೆಗೆ ಟೇಪನ್ನು ಸೊಂಟದಿಂದ ತೊಡೆಯ ಪಕ್ಕದಲ್ಲಿ ಹಾಯಿಸಿ, ಮಡಚಿದ ಮೊಣಕಾಲನ್ನು ದಾಟಿಸಿ, ಶೂ ಮೇಲಿನ ತನಕ ಹಿಡಿಯಬೇಕು. ನಿಂತ ಅಳತೆಗಿಂತ ಎರಡು ಮೂರು ಇಂಚು ಹೆಚ್ಚೇ ಬೇಕಾಗುತ್ತದೆ. ಸೊಂಟಪಟ್ಟಿ ಮುಂದೆ ತಗ್ಗಿರಲಿ, ಹಿಂದೆ ಎತ್ತರವಿರಲಿ. ಹಿಂಬದಿಯ ಪಟ್ಟಿಗೆ ಅಗಲವಾದ ಮೃದು ಎಲಾಸ್ಟಿಕ್, ಮುಂದೆ ಮಾಮೂಲಿ ಪ್ಯಾಂಟಿನ ಪಟ್ಟಿ. ಹೊರಗಿನಿಂದ ನೋಡಿದವರಿಗೆ ಎಲಾಸ್ಟಿಕ್ ಇದೆಯೆಂದೇ ತಿಳಿಯದು. ಕೈಬೆರಳಿಗೂ ಶಕ್ತಿ ಕಡಿಮೆಯಿದ್ದರೆ ಪಟ್ಟಿಯ ಒಳಗೆ ಎಡಬಲದಲ್ಲಿ ನಾಡೆಯ ಎರಡು ಕುಣಿಕೆ ಹೊಲಿಸಿ. ಹೆಬ್ಬೆರಳು ತೂರಿಸಿ ಪ್ಯಾಂಟನ್ನು ಮೇಲಕ್ಕೆಳೆಯಬಹುದು. ಜಿಪ್ಪಿನ ತುದಿಗೆ ಕೀಲಿಕೈಯ ರಿಂಗ್ ಸಿಕ್ಕಿಸಿ. ಶರ್ಟಿನ ಗುಂಡಿ ಹಾಕಲಾಗದವರಿಗೆ ಒಳಗೆ ವೆಲ್ಕ್ರೋ, ಮೇಲೆ ನೋಟಕ್ಕೆ ಗುಂಡಿ.

ಹಿಂದಿನ ಜೇಬು ಬೇಡವೇ ಬೇಡ

ಈ ಲೇಖನದಲ್ಲಿ ನೀವು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಕುಳಿತ ಜಾಗದಲ್ಲಿ ನೋವು ತಿಳಿಯುವುದಿಲ್ಲ. ನಮಗೆ ಹತ್ತು ನಿಮಿಷದಲ್ಲಿ ಚುಚ್ಚುವ ಹೊಲಿಗೆ ಅವರಿಗೆ ಇಡೀ ದಿನ ಚುಚ್ಚಿದರೂ ಗೊತ್ತಾಗದು. ಕೂರುವ ಎಲುಬು ಒಂದು ಕಡೆ, ಗಟ್ಟಿ ಹೊಲಿಗೆ ಇನ್ನೊಂದು ಕಡೆ, ನಡುವೆ ಸಿಕ್ಕಿಬಿದ್ದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯಲಾರಂಭಿಸುತ್ತದೆ. ಆಸ್ಪತ್ರೆಯವರು ಬೆಡ್ ಸೋರ್ ಎನ್ನುವುದು ಇದನ್ನೇ. ಹೆಸರು ಹಾಸಿಗೆಯದ್ದಾದರೂ ಕುರ್ಚಿಯಲ್ಲೂ ಬರುತ್ತದೆ. ಮೇಲ್ಗಡೆ ನಾಲ್ಕಾಣೆಯಷ್ಟು ಕೆಂಪು, ಒಳಗೆ ಎಲುಬಿನ ತನಕ ಹುಣ್ಣು. ವಾಸಿಯಾಗಲು ತಿಂಗಳುಗಟ್ಟಲೆ ಕವುಚಿಯೋ ಒರಗಿಯೋ ಮಲಗಬೇಕು. ಅದರ ಸೋಂಕು ರಕ್ತಕ್ಕೇರಿ ಜೀವ ತೆಗೆದದ್ದೂ ಇದೆ.

ಆದ್ದರಿಂದ ಹಿಂದಿನ ಜೇಬನ್ನು ಬಿಚ್ಚಿಸಿಬಿಡಿ. ಜೀನ್ಸ್ ಹಾಕುವ ಆಸೆ ಯುವಕರಿಗೆ ಇದ್ದೇ ಇರುತ್ತದೆ, ಹಾಕಲಿ. ಆದರೆ ಹಿಂಭಾಗದ ತಾಮ್ರದ ಗುಂಡು, ಚರ್ಮದ ಚೀಟಿ, ಹಗ್ಗದಂತೆ ದಪ್ಪಗಿರುವ ಮಡಿಕೆ ಹೊಲಿಗೆ ಇರುವ ಜೀನ್ಸ್ ಬೇಡ. ತೆಳುವಾದ, ಸ್ವಲ್ಪ ಹಿಗ್ಗುವ ಬಟ್ಟೆಯದ್ದನ್ನು ಆರಿಸಿ. ಪರ್ಸು, ಮೊಬೈಲಿಗೆ ತೊಡೆಯ ಮೇಲ್ಭಾಗದಲ್ಲಿ ಕೈಗೆಟಕುವ ಹಾಗೆ ಜೇಬು ಇಡಿಸಿ. ಒಳಚಡ್ಡಿಯ ಹೊಲಿಗೆಯನ್ನೂ ಬೆರಳಾಡಿಸಿ ನೋಡಿ. ಕೂರಿಸಿದ ಮೇಲೆ ಕೆಳಗೆ ಕೈಹಾಕಿ ಬಟ್ಟೆಯ ನೆರಿಗೆ ಬಿಡಿಸಿ. ಕೆಲವರು ಪ್ರೀತಿಯಿಂದ ಕುಶನ್ ಮೇಲೆ ಮಡಚಿದ ಟರ್ಕಿ ಟವೆಲ್ಲು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಕುಶನ್ನಿನ ಕೆಲಸವನ್ನು ಈ ಪದರಗಳು ಕೆಡಿಸುತ್ತವೆ.

ಹೊಸ ಪ್ಯಾಂಟ್ ಹಾಕಿದ ದಿನ ರಾತ್ರಿ ಕೂರುವ ಜಾಗದ ಚರ್ಮವನ್ನು ತಪ್ಪದೆ ನೋಡಿ. ಅವರೇ ಕನ್ನಡಿ ಹಿಡಿದು ನೋಡಿಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ ಕಳೆದರೂ ಮಾಸದ ಕೆಂಪು ಕಂಡರೆ ಆ ಪ್ಯಾಂಟ್ ಬದಿಗಿಡಿ, ಕೆಂಪು ಹೋಗುವ ತನಕ ಆ ಜಾಗದ ಮೇಲೆ ಭಾರ ಬೀಳದಿರಲಿ. ಯಾವ ಬಟ್ಟೆ ತೊಟ್ಟರೂ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಕೈಯೂರಿ ಎದ್ದು ಅಥವಾ ಬದಿಗೆ ವಾಲಿ ಭಾರ ತಪ್ಪಿಸುವುದನ್ನು ಬಿಡುವಂತಿಲ್ಲ.

ಲುಂಗಿಯ ವಿಚಾರ

ಲುಂಗಿಯನ್ನು ನಾನು ವಿರೋಧಿಸುವುದಿಲ್ಲ. ನಮ್ಮ ಸೆಖೆಗೆ ಅದರಷ್ಟು ಸುಖದ ಉಡುಪು ಇಲ್ಲ. ಶೌಚಕ್ಕೆ, ಕೆಥೆಟರ್ ಕೊಳವೆಗೆ ಅನುಕೂಲ. ಆದರೆ ಗಾಲಿಗೂ ಲುಂಗಿಗೂ ಆಗಿಬರುವುದಿಲ್ಲ. ಅಂಚು ಮುಂದಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡರೆ ಕುರ್ಚಿ ಥಟ್ಟನೆ ನಿಂತು ಕೂತವರು ಮುಂದಕ್ಕೆ ಬೀಳುತ್ತಾರೆ. ಶಾಲು, ಪಂಚೆಯ ಕಥೆಯೂ ಇದೇ. ಗಾಳಿ ಬೀಸಿದರೆ ತೊಡೆ ಕಾಣುವ ಮುಜುಗರ ಬೇರೆ. ಮನೆಯೊಳಗೆ ಉಡುವುದಾದರೆ ಎರಡೂ ಬದಿಯನ್ನು ನೆರಿಗೆಯಿಲ್ಲದಂತೆ ತೊಡೆಯ ಬದಿಗೆ ಸಿಕ್ಕಿಸಿ, ಗಂಟನ್ನು ಹೊಟ್ಟೆಯ ಮುಂದೆಯೇ ಇಡಿ. ಹೊರಗೆ ಹೊರಟರೆ ಪ್ಯಾಂಟ್ ಅಥವಾ ಲಾಡಿಯ ಪೈಜಾಮ. ಈಗ ಹುಡುಗರು ಹಾಕುವ, ಕಣಕಾಲಿನಲ್ಲಿ ಎಲಾಸ್ಟಿಕ್ ಇರುವ ಜಾಗರ್ಸ್ ಕೂಡ ಉತ್ತಮ. ಅದರ ತುದಿ ಎಲ್ಲಿಗೂ ಸಿಕ್ಕಿಕೊಳ್ಳುವುದಿಲ್ಲ.

ನನ್ನ ಪರಿಚಯದ ಮನೆಯೊಂದರಲ್ಲಿ ಮಾಡಿನಿಂದ ಬಿದ್ದು ಗಾಲಿಕುರ್ಚಿ ಸೇರಿದ ಯುವಕ ಎರಡು ವರ್ಷ ಲುಂಗಿಯಲ್ಲೇ ಕಳೆದ. ತಂಗಿಯ ನಿಕಾಹ್ ಹತ್ತಿರ ಬಂದಾಗ ತಾಯಿ ಪ್ಯಾಂಟಿನ ಮಾತೆತ್ತಿದರು. "ಉಮ್ಮಾ, ನನ್ನ ಮೂತ್ರದ ಚೀಲ ಎಲ್ಲಿಡುವುದು? ನೂರು ಜನ ನೋಡಬೇಕಾ?" ಎಂದನಂತೆ. ಆ ಮಾತು ಅಷ್ಟು ದಿನ ಅವನ ಗಂಟಲಲ್ಲೇ ಇತ್ತು. ಇಂಥ ಸಂಕೋಚ ನಿಮ್ಮ ಮನೆಯಲ್ಲೂ ಇರಬಹುದು, ಅವರಾಗಿ ಹೇಳುವ ತನಕ ಕಾಯಬೇಡಿ. ಕಾಲಿಗೆ ಕಟ್ಟುವ ಚಿಕ್ಕ ಚೀಲಗಳು ಸಿಗುತ್ತವೆ. ಸ್ವಲ್ಪ ಸಡಿಲವಾದ, ಗಾಢ ಬಣ್ಣದ ಪ್ಯಾಂಟಿನಲ್ಲಿ ಅದು ಕಾಣುವುದೇ ಇಲ್ಲ. ಒಳಗಾಲಿನ ಹೊಲಿಗೆಯಲ್ಲಿ ಕೆಳಗಡೆ ಐದಾರು ಇಂಚಿನ ಜಿಪ್ ಇಡಿಸಿದರೆ ಪ್ಯಾಂಟ್ ಬಿಚ್ಚದೆಯೇ ಚೀಲ ಖಾಲಿ ಮಾಡಬಹುದು. ಹೊತ್ತು ಹೊತ್ತಿಗೆ ಕೊಳವೆ ಹಾಕಿ ಮೂತ್ರ ತೆಗೆಯುವವರಿಗೆ ಮುಂದಿನ ಜಿಪ್ ಸಾಮಾನ್ಯಕ್ಕಿಂತ ಉದ್ದವಾಗಿ, ಕೆಳಗಿನ ಹೊಲಿಗೆಯ ತನಕ ತೆರೆಯುವಂತಿರಲಿ. ಆ ಹುಡುಗನಿಗೂ ಹೀಗೇ ಹೊಲಿಸಿದರು. ನಿಕಾಹ್‌ನ ದಿನ ಬಾಗಿಲಲ್ಲೇ ಕುಳಿತು ಬಂದವರಿಗೆಲ್ಲ ಸಲಾಂ ಹೇಳಿದ.

ಬಿಗಿ ಬಟ್ಟೆಯ ಅಪಾಯ

ಎದೆಯ ಮಟ್ಟದಲ್ಲಿ ಆರನೇ ಕಶೇರು ಅಥವಾ ಅದಕ್ಕಿಂತ ಮೇಲೆ, ಅಂದರೆ ಕುತ್ತಿಗೆಯ ತನಕ, ಬೆನ್ನುಹುರಿಗೆ ಪೆಟ್ಟಾದವರ ಮನೆಯವರು ಇದನ್ನು ಗಮನವಿಟ್ಟು ಓದಿ. ಇವರಲ್ಲಿ ಬಿಗಿಯಾದ ಬೆಲ್ಟು, ಕಾಲಿಗೆ ಕಚ್ಚುವ ಸಾಕ್ಸ್, ಇಕ್ಕಟ್ಟಿನ ಶೂ, ಮಡಚಿಕೊಂಡ ಮೂತ್ರದ ಕೊಳವೆ ಇವುಗಳಿಂದಲೇ ರಕ್ತದೊತ್ತಡ ಹಠಾತ್ತನೆ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ತಲೆ ಮುಖ ಬೆವರುವುದು ಇದರ ಲಕ್ಷಣ. ಇಂಥ ಹೊತ್ತಿನಲ್ಲಿ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬೆಲ್ಟು, ಗುಂಡಿ, ಶೂ ಎಲ್ಲ ಸಡಿಲಿಸಿ, ಕೊಳವೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ಕೂಡಲೇ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಇವರಿಗೆ ಪೆಟ್ಟಾದ ಮಟ್ಟದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ. ಬೆವರದಿದ್ದರೆ ಮೈ ತಣಿಯುವುದು ಹೇಗೆ? ಮೇ ತಿಂಗಳ ಮದುವೆಗೆ ಪಾಲಿಯೆಸ್ಟರ್ ಸೂಟು ತೊಡಿಸಿ ಬಿಸಿಲಿನಲ್ಲಿ ಕೂರಿಸಿದರೆ ಜ್ವರ ಬಂದಂತೆ ಮೈ ಕಾಯುತ್ತದೆ. ತಿಳಿ ಬಣ್ಣದ ಹತ್ತಿ ಬಟ್ಟೆ, ಕುತ್ತಿಗೆಗೆ ಒದ್ದೆ ಕರವಸ್ತ್ರ, ಕುಡಿಯಲು ನೀರು ಜೊತೆಗಿರಲಿ. ಚಳಿಗೆ ಕಂಬಳಿ ಹೊದಿಸಿ, ಆದರೆ ಬಿಸಿನೀರಿನ ಚೀಲವನ್ನೋ ಬಿಸಿ ಚಹಾದ ಲೋಟವನ್ನೋ ತೊಡೆಯ ಮೇಲೆ ಇಡಬೇಡಿ. ಸುಟ್ಟರೂ ಅವರಿಗೆ ತಿಳಿಯದು.

ಇನ್ನು ಚಂದದ ಮಾತು

ನಿಂತವರ ಕಣ್ಣು ಕುಳಿತವರ ಮೇಲೆ ಬೀಳುವುದು ಮೇಲಿನಿಂದ. ಮೊದಲು ಕಾಣುವುದು ತಲೆಗೂದಲು ಅಥವಾ ಟೊಪ್ಪಿ, ಕಾಲರು, ಭುಜ. ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಶರ್ಟಿಗೆ ಮಾಡಿ. ಗಟ್ಟಿ ಕಾಲರು, ಭುಜಕ್ಕೆ ಸರಿಯಾಗಿ ಕೂರುವ ಹೊಲಿಗೆ, ಮುಖಕ್ಕೆ ಒಪ್ಪುವ ಬಣ್ಣ. ಕೈಯಿಂದ ಚಕ್ರ ತಳ್ಳುವವರಿಗೆ ಬೆನ್ನಿನಲ್ಲಿ ಎರಡು ಪ್ಲೀಟ್ ಇಡಿಸಿ, ಇಲ್ಲದಿದ್ದರೆ ಕಂಕುಳಲ್ಲಿ ಹರಿಯುತ್ತದೆ. ತುಂಬು ತೋಳಿನ ತುದಿ ಚಕ್ರಕ್ಕೆ ತಾಗಿ ಕಪ್ಪಾಗುವುದರಿಂದ ಮೊಣಕೈ ತನಕ ಮಡಚುವುದು ಅಥವಾ ಅರ್ಧ ತೋಳು ಮೇಲು. ಶರ್ಟಿನ ಉದ್ದ ತೊಡೆಯ ಮೇಲೆ ಗುಡ್ಡೆಯಾಗದಷ್ಟೇ ಇರಲಿ.

ಎರಡನೆಯದಾಗಿ ಕಾಣುವುದು ಪಾದರಕ್ಷೆ! ನಮ್ಮ ಶೂ ಪ್ಯಾಂಟಿನ ಕೆಳಗೆ ಅಡಗಿರುತ್ತದೆ. ಅವರದು ಪಾದದ ಹಲಗೆಯ ಮೇಲೆ ಎಲ್ಲರ ಎದುರಿಗಿದೆ. ದಿನವಿಡೀ ಕಾಲು ಇಳಿಬಿಟ್ಟು ಪಾದ ಊದುವುದರಿಂದ ಒಂದು ಸೈಜು ದೊಡ್ಡದು ತೆಗೆಯಿರಿ, ಸಂಜೆ ಹೊತ್ತಿನಲ್ಲಿ ಹಾಕಿ ನೋಡಿ. ಅಗಲವಾಗಿ ಬಾಯಿ ತೆರೆಯುವ, ಹಿಮ್ಮಡಿ ಹಿಡಿದಿಡುವ ಶೂ ಬೇಕು. ಹವಾಯಿ ಚಪ್ಪಲಿ ಜಾರಿದರೆ ಬರಿಗಾಲು ಬಾಗಿಲಿಗೆ ತಾಗಿ ಗಾಯವಾಗುತ್ತದೆ, ರಕ್ತ ಕಂಡ ಮೇಲೆಯೇ ತಿಳಿಯುವುದು. ಹಾಕುವ ಮುನ್ನ ಶೂ ಒಳಗೆ ಕಲ್ಲೋ ಹುಳವೋ ಇದೆಯೇ ಎಂದು ಕೈಹಾಕಿ ನೋಡಿ.

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಕಾಲಿನ ಬಲ ಕಳೆದುಕೊಂಡವರು. 1945ರ ಯಾಲ್ಟಾ ಸಮ್ಮೇಳನದ ಚಿತ್ರದಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ ನಡುವೆ ಅವರು ಭುಜದಿಂದ ಇಳಿಬಿದ್ದ ಕಪ್ಪು ನಿಲುವಂಗಿಯಲ್ಲಿ ಕುಳಿತಿದ್ದಾರೆ. ತೋಳಿರುವ ಓವರ್‌ಕೋಟಿಗಿಂತ ಅದನ್ನು ಹೊದ್ದುಕೊಳ್ಳುವುದು ಸುಲಭ. ಅವರ ಕಾಲಿನ ಕಬ್ಬಿಣದ ಪಟ್ಟಿಗಳಿಗೆ ಹೊರಗೆ ಕಾಣದಂತೆ ಕಪ್ಪು ಬಣ್ಣ ಬಳಿಯಲಾಗುತ್ತಿತ್ತು. ಈಗ ಕಾಲ ಬದಲಾಗಿದೆ. ಕೆನಡಾದ ಟೊರೊಂಟೊದಲ್ಲಿ ಇಝಿ ಕ್ಯಾಮಿಲೆರಿ ಎಂಬ ವಿನ್ಯಾಸಕಿ ಬಾರ್ಬರಾ ಟರ್ನ್‌ಬುಲ್ ಎಂಬ ಗಾಲಿಕುರ್ಚಿಯ ಪತ್ರಕರ್ತೆಗೆ ಹೊಲಿದುಕೊಡುತ್ತಾ ಕಲಿತು, 2009ರಲ್ಲಿ ಕುಳಿತ ದೇಹಕ್ಕೆಂದೇ ಬಟ್ಟೆ ತಯಾರಿಸತೊಡಗಿದರು. ಟಾಮಿ ಹಿಲ್‌ಫಿಗರ್ ಕಂಪೆನಿ 2016ರಲ್ಲಿ ಮಕ್ಕಳಿಗೆ, ಮರುವರ್ಷ ದೊಡ್ಡವರಿಗೆ ಇಂಥ ಉಡುಪು ತಂದಿತು. ಆದರೆ ಆ ಬೆಲೆಗೆ ನಮ್ಮ ಟೈಲರ್ ನಾಲ್ಕು ಜೊತೆ ಹೊಲಿದುಕೊಟ್ಟಾರು.

ಮದುವೆ, ಹಬ್ಬಕ್ಕೆ ಏನು? ಮೊಣಕಾಲಿನ ತನಕದ ಶೇರ್ವಾನಿ ಕುಳಿತಾಗ ಮಡಿಲಲ್ಲಿ ರಾಶಿಯಾಗುತ್ತದೆ, ಹಿಂದಿನ ಪದರ ಸೊಂಟದಡಿ ಸುಕ್ಕುಗಟ್ಟಿ ಮತ್ತದೇ ಹುಣ್ಣಿಗೆ ದಾರಿ. ಹಿಂದಿನ ಪದರವನ್ನು ಕುರ್ಚಿಯ ಆಸನ ಮುಟ್ಟದಷ್ಟು ಮೋಟು ಮಾಡಿಸಿ, ಮುಂದಿನದ್ದು ಉದ್ದವಿರಲಿ, ಬದಿಯ ಸೀಳು ಸೊಂಟದ ತನಕ ಬರಲಿ. ಎದುರಿನಿಂದ ಅಪ್ಪಟ ಶೇರ್ವಾನಿಯೇ. ಕುರ್ತಾಕ್ಕೂ ಜುಬ್ಬಾಕ್ಕೂ ಇದೇ ಉಪಾಯ. ನನ್ನನ್ನು ಕೇಳಿದರೆ ಬಿಳಿ ಕುರ್ತಾದ ಮೇಲೆ ತೋಳಿಲ್ಲದ ನೆಹರೂ ಕೋಟಿನಷ್ಟು ಒಪ್ಪುವುದು ಬೇರೊಂದಿಲ್ಲ. ತೋಳು ಚಕ್ರಕ್ಕೆ ತಾಗುವುದಿಲ್ಲ, ಮಡಿಲಲ್ಲಿ ಮುದ್ದೆಯಾಗುವುದಿಲ್ಲ, ಹಾಕಿಸುವುದೂ ಸುಲಭ.

ಬಣ್ಣ, ಬಟ್ಟೆ ಆರಿಸುವ ಹಕ್ಕು ಮಾತ್ರ ಅವರದ್ದೇ. ಅಂಗಡಿಗೆ ಕರೆದುಕೊಂಡು ಹೋದಾಗ "ಇವರಿಗೆ ಯಾವ ಕಲರ್ ತೋರಿಸಲಿ?" ಎಂದು ಸೇಲ್ಸ್‌ಮನ್ ನಿಮ್ಮ ಮುಖ ನೋಡುತ್ತಾನೆ. ನೀವು ಸುಮ್ಮನೆ ಅವರ ಮುಖ ನೋಡಿ. ಟೈಲರಿಗೆ ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಒಂದೇ ಒಂದು ಪ್ಯಾಂಟ್ ಹೊಲಿಯಲು ಕೊಡಿ. ಒಂದು ವಾರ ಹಾಕಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಕೆಂಪಾಗುತ್ತದೆ ನೋಡಿ, ಆ ಪ್ಯಾಂಟಿನ ಮೇಲೆಯೇ ಚಾಕ್‌ನಿಂದ ಗುರುತು ಹಾಕಿಸಿ. ಹಬ್ಬದ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವುದು ಆಮೇಲೆ.