ಬೆಲ್ಟ್ ಬಿಚ್ಚಿದರೆ ಸಾಕೆ?

ಪ್ರಶ್ನೆ: ಹಳೇ ಕಾರಿನ ಪವರ್ ಸ್ಟೀರಿಂಗ್ ಆಯಿಲ್ ಸೋರುತ್ತಿದೆ. ಪಂಪಿನ ಬೆಲ್ಟ್ ಬಿಚ್ಚಿ, ಮಾರುತಿ 800ರ ಹಾಗೆ ಓಡಿಸಬಹುದೆ? – ಓದುಗರು, ಕಳಲೆ

ಉತ್ತರ: ಬೇಡಿ. ಮಾರುತಿ 800 ಹಗುರ ಕಾರು; ಅದರ ಸ್ಟೀರಿಂಗ್ ರೂಪಿಸಿದ್ದೇ ಕೈಬಲಕ್ಕೆ. ನಿಮ್ಮ ಕಾರಿನ ರ‍್ಯಾಕ್ ಒಳಗೆ ಪಿಸ್ಟನ್ ಇದೆ. ಪಂಪ್ ನಿಂತರೂ, ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಪಿಸ್ಟನ್ ಆಯಿಲನ್ನು ಸಣ್ಣ ಪೈಪುಗಳಲ್ಲಿ ನೂಕಲೇಬೇಕು. ಆ ಭಾರವೆಲ್ಲ ನಿಮ್ಮ ತೋಳಿಗೆ. ಕಳಲೆಯ ಓಣಿ ತಿರುವಿನಲ್ಲಿ, ಕಾರು ನಿಧಾನವಾದಷ್ಟೂ ಹೆಚ್ಚು.

ಕೈಬಲದ ಸ್ಟೀರಿಂಗಿಗೆ ಸರಿಯಾಗಿ ಬದಲಿಸಬೇಕೆಂದರೆ ರ‍್ಯಾಕ್ ಪೂರಾ ಬಿಚ್ಚಿ ಪಿಸ್ಟನ್ನಿನ ಸೀಲ್ ತೆಗೆಯಬೇಕು. ವಾಲ್ವಿನೊಳಗೆ ತಿರುಚಿಕೊಳ್ಳುವ ತೆಳು ಸರಳು ಅಲುಗದಂತೆ ವೆಲ್ಡ್ ಹೊಡೆಯಬೇಕು. ರೇಸ್ ಕಾರಿನವರು ಮಾಡುತ್ತಾರೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿನ ಸ್ಟೀರಿಂಗನ್ನು ಒಂದು ವೆಲ್ಡಿನ ಮೇಲೆ ಬಿಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಯಾರಕರ ವಿನ್ಯಾಸ ಬದಲಿಸುವುದಕ್ಕೆ ಅಡ್ಡ ಬರುತ್ತದೆ. ಮೊದಲು ಸೋರುವ ಜಾಗ ಹುಡುಕಿಸಿ. ಎಷ್ಟೋ ಸಲ ಹೋಸ್ ಅಥವಾ ಸೀಲ್ ಬದಲಿಸಿದರೆ ಮುಗಿಯುವ ಕೆಲಸ ಅದು.