ಊರಿನ ಉಪೇಕ್ಷಿತ ಕುರುಹುಗಳು ಮತ್ತು ಛಾಯಾಚಿತ್ರ ದಾಖಲೆ: ನಾಗಸಂದ್ರ ಪರಿಸರವನ್ನು ಕುರಿತು

ಬೆಂಗಳೂರಿನ ಉತ್ತರ ಭಾಗದಲ್ಲಿ ತುಮಕೂರು ರಸ್ತೆಗೆ ಹೊಂದಿಕೊಂಡಿರುವ ನಾಗಸಂದ್ರವನ್ನು ಚಾರಿತ್ರಿಕ ಊರೆಂದು ಕರೆದರೆ ಅನೇಕರಿಗೆ ಅಚ್ಚರಿಯಾದೀತು. ಕೋಟೆ ಕೊತ್ತಲಗಳಿಂದಾಗಲಿ ದೊಡ್ಡ ದೇವಾಲಯದಿಂದಾಗಲಿ ಹೆಸರಾದ ಊರು ಅದಲ್ಲ. ಇಂದು ಆ ಹೆಸರಿನಲ್ಲಿ ದೊರೆಯುವ ಛಾಯಾಚಿತ್ರಗಳು ಬಹುಮಟ್ಟಿಗೆ ಎರಡು ಕಟ್ಟಡಗಳಿಗೆ ಸಂಬಂಧಿಸಿದವು: 2015ರ ಮೇ 1ರಂದು ಸಂಚಾರಕ್ಕೆ ತೆರೆದ ಮೆಟ್ರೊ ನಿಲ್ದಾಣ ಮತ್ತು 2022ರ ಜೂನ್ ತಿಂಗಳಲ್ಲಿ ಅದರ ಬದಿಯಲ್ಲೇ ತೆರೆದ ಐಕಿಯಾ ಮಳಿಗೆ. ಪಕ್ಕದ ಪೀಣ್ಯದಲ್ಲಿ 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ, 2007ರಲ್ಲಿ ದಾಸರಹಳ್ಳಿ ನಗರಸಭೆಯ ಪ್ರದೇಶವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದುದು, ಹೆದ್ದಾರಿಯ ಮೇಲೇರಿದ ಮೇಲ್ಸೇತುವೆ ಇವುಗಳ ನಡುವೆ ಹಳ್ಳಿಯು ಕಣ್ಣಿಗೆ ಬೀಳದಂತಾಗಿದೆ. ಕಣ್ಣಿಗೆ ಬೀಳದಿರುವುದು ಬೇರೆ, ಇಲ್ಲದಿರುವುದು ಬೇರೆ. ಇಂತಹ ಊರುಗಳಲ್ಲಿ ಉಳಿದಿರುವ ಸಣ್ಣಪುಟ್ಟ ಕುರುಹುಗಳನ್ನು ಛಾಯಾಚಿತ್ರದಲ್ಲಿ ಹಿಡಿದಿಡುವ ಕೆಲಸ ಏಕೆ ತುರ್ತಿನದು ಮತ್ತು ಅದು ಎಂತಹ ಶಿಸ್ತನ್ನು ಬೇಡುತ್ತದೆ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಮೊದಲ ಕುರುಹು ಊರಿನ ಹೆಸರೇ ಆಗಿದೆ. ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪವೆಂಬುದು ಸ್ಥಳನಾಮಗಳ ಅಧ್ಯಯನದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ ಮೊದಲಾದ ಹೆಸರುಗಳ ಸಾಲಿನಲ್ಲಿ ನಾಗಸಂದ್ರವೂ ನಿಲ್ಲುತ್ತದೆ. ಕಡಲಿನಿಂದ ನೂರಾರು ಮೈಲಿ ದೂರದ ಈ ಬಯಲುಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ನಾಗ ಎಂಬುದು ಕೆರೆ ಕಟ್ಟಿಸಿದವನ ಹೆಸರೋ, ನಾಗಾರಾಧನೆಗೆ ಸಂಬಂಧಿಸಿದುದೋ ಎಂಬುದನ್ನು ಹೆಸರೊಂದರಿಂದಲೇ ನಿರ್ಧರಿಸಲಾಗದು. ಆದರೆ ಕೆರೆಯೊಂದು ಊರಿಗೆ ಹೆಸರು ಕೊಟ್ಟಿತ್ತೆಂಬುದು ತಿಳಿದ ಮೇಲೆ ಕ್ಯಾಮೆರಾ ಹಿಡಿದವನು ನೋಡಬೇಕಾದ ದಿಕ್ಕು ಬದಲಾಗುತ್ತದೆ. ಏರಿಯ ಕಲ್ಲುಕಟ್ಟಡ, ತೂಬಿನ ಕಂಬ, ಕೋಡಿಯ ಹಾಸುಗಲ್ಲು, ನೀರು ಬತ್ತಿದ ಮೇಲೂ ರಸ್ತೆಯೊಂದು ಕಾರಣವಿಲ್ಲದೆ ಎತ್ತರಿಸಿ ಬಾಗಿ ಹೋಗುವ ರೀತಿ, ಇವೆಲ್ಲ ಆ ಹೆಸರಿನ ಅರ್ಥಕ್ಕೆ ಸಾಕ್ಷಿ ನುಡಿಯಬಲ್ಲವು.

ಇಂತಹ ಊರುಗಳಲ್ಲಿ ಉಪೇಕ್ಷೆಗೆ ಒಳಗಾದ ವಸ್ತುಗಳು ಹಲವು ಬಗೆಯವು. ಅರಳಿಕಟ್ಟೆಯ ನಾಗರಕಲ್ಲುಗಳು, ಊರು ಕಟ್ಟುವಾಗ ನೆಡುತ್ತಿದ್ದ ಕರುಗಲ್ಲು, ದಾನಭೂಮಿಯ ಎಲ್ಲೆಯನ್ನು ತೋರುವ ಲಿಂಗಮುದ್ರೆ ಹಾಗೂ ವಾಮನಮುದ್ರೆಯ ಕಲ್ಲುಗಳು, ಹಳೆಯ ಮನೆಗಳ ಜಗುಲಿಕಂಬ, ಮೋಟುಗೋಡೆಯಲ್ಲಿ ಸಿಕ್ಕಿಬಿದ್ದ ಒರಳು. ಇವುಗಳಲ್ಲಿ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮಾತನಾಡುವವು ವೀರಗಲ್ಲು ಮತ್ತು ಮಾಸ್ತಿಕಲ್ಲುಗಳು. ವೀರಗಲ್ಲಿನ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ ಎಂಬ ವಿನ್ಯಾಸ ವ್ಯಾಪಕವಾಗಿದ್ದರೂ ಎಲ್ಲ ಕಲ್ಲುಗಳೂ ಅದನ್ನು ಅನುಸರಿಸುವುದಿಲ್ಲ. ಪ್ರಾಚೀನವಾದವು ಅನೇಕ ವೇಳೆ ಒಂದೇ ಅಂಕಣದವು. ತುರುಗಳ ಸಾಲು ಕಂಡರೆ ತುರುಗೊಳ್, ಹೆಣ್ಣಿನ ಮಾನರಕ್ಷಣೆಯ ಹೋರಾಟವಾದರೆ ಪೆಣ್ಬುಯ್ಯಲ್, ಊರಿನ ಮೇಲೆ ಬಿದ್ದ ದಾಳಿಯಾದರೆ ಊರಳಿವು. ಬಳೆ ತೊಟ್ಟ ಕೈಯೊಂದು ಕಂಬದಿಂದ ಹೊರಚಾಚಿದ್ದರೆ ಅದು ಮಾಸ್ತಿಕಲ್ಲು. ಅಕ್ಷರವಿಲ್ಲದ ಕಲ್ಲಿನಲ್ಲಿಯೂ ಆಯುಧದ ಆಕಾರ, ತುರುಬಿನ ಕಟ್ಟು, ಕುದುರೆಯ ಸಜ್ಜು ಇವು ಕಾಲವನ್ನು ಸೂಚಿಸುತ್ತವೆ. ದೂರದಿಂದ ತೆಗೆದ ಒಂದೇ ಚಿತ್ರದಲ್ಲಿ ಇವು ಯಾವುವೂ ತೋರುವುದಿಲ್ಲ.

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿದ ಕೀರ್ತಿ ಬಿ. ಎಲ್. ರೈಸ್ ಅವರದು. ಬೆಂಗಳೂರಿನಲ್ಲೇ ಹುಟ್ಟಿದ ಈ ವಿದ್ವಾಂಸರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ತಾಲ್ಲೂಕುವಾರು ಸಂಖ್ಯೆ, ಊರು, ಕಲ್ಲು ಇರುವ ಜಾಗದ ಒಂದು ಸಾಲಿನ ಸೂಚನೆ, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಇಷ್ಟು ಅದರಲ್ಲಿ ದೊರೆಯುತ್ತವೆ. ಬಹುಪಾಲು ಕಲ್ಲುಗಳ ಚಿತ್ರ ಮಾತ್ರ ಇಲ್ಲ. ಅಂದಿನ ಮುದ್ರಣವೆಚ್ಚವನ್ನೂ ಉದ್ದೇಶವನ್ನೂ ನೆನೆದರೆ ಇದನ್ನು ದೋಷವೆನ್ನಲಾಗದು. ಆದರೆ ಪರಿಣಾಮ ಗಂಭೀರವಾದುದು. ಆ ಸಂಪುಟ ಹಿಡಿದು ಊರೂರು ತಿರುಗಿದವರಿಗೆ, ಅದರಲ್ಲಿ ದಾಖಲಾದ ಅನೇಕ ಕಲ್ಲುಗಳು ಈಗ ಇರುವೆಡೆಯಲ್ಲಿ ಇಲ್ಲವೆಂಬುದು ಅನುಭವಕ್ಕೆ ಬಂದಿದೆ. ರಸ್ತೆಯ ಅಗಲೀಕರಣ, ಗುಡಿಯ ಜೀರ್ಣೋದ್ಧಾರ, ಮನೆಯ ಪಾಯ, ನಿಧಿಯ ಆಸೆ, ಹೀಗೆ ಕಾರಣಗಳು ಬೇರೆ ಬೇರೆ. ಕಲ್ಲು ಹೋದ ಮೇಲೆ ಉಳಿಯುವುದು ಅಚ್ಚಾದ ಪಾಠವೊಂದೇ. ಒಂದು ಅಕ್ಷರದ ಬಗ್ಗೆ ಸಂದೇಹ ಬಂದರೆ ಮರಳಿ ನೋಡಲು ಏನೂ ಇರುವುದಿಲ್ಲ. ವೀರನ ಶಿಲ್ಪ ಹೇಗಿತ್ತು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ಬದಿಯಲ್ಲಿ ಇನ್ನೇನಿತ್ತು ಎಂಬ ಪ್ರಶ್ನೆಗಳಿಗೆ ಆ ಪುಟಗಳು ಉತ್ತರ ಕೊಡಲಾರವು.

ಇದಕ್ಕೆ ಪ್ರತಿಯಾಗಿ, ಯಾವ ಸಂಪುಟಕ್ಕೂ ಸೇರದ ಕಲ್ಲು ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ನಾಗಸಂದ್ರದಂತೆಯೇ ನಗರದ ಉತ್ತರ ಭಾಗಕ್ಕೆ ಸೇರಿದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯನ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ಗಂಗರ ಶ್ರೀಪುರುಷನ ಆಳ್ವಿಕೆಗೆ, ಕ್ರಿ.ಶ. ಸುಮಾರು 750ಕ್ಕೆ ಸೇರಿದ ಈ ಶಾಸನ ತನ್ನ ನಾಡಿನ ಮೇಲೆ ಬಂದ ದಾಳಿಯನ್ನು ಎದುರಿಸಿ ಮಡಿದವನನ್ನು ಸ್ಮರಿಸುತ್ತದೆ. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂಬ ಮನ್ನಣೆ ಅದಕ್ಕೆ ಸಂದಿದೆ. ಅದನ್ನು ಗುರುತಿಸಿ ಉಳಿಸಿದವರಲ್ಲಿ ವೃತ್ತಿನಿರತ ಶಾಸನತಜ್ಞರಿಗಿಂತ ಪಿ. ಎಲ್. ಉದಯಕುಮಾರ್ ಮತ್ತು ಅವರ ಸಂಗಡಿಗರಂತಹ ಆಸಕ್ತ ನಾಗರಿಕರು ಮುಂದಿದ್ದರೆಂಬುದು ಗಮನಾರ್ಹ. ಸ್ಥಳೀಯರ ನೆರವಿನಿಂದ ಕಲ್ಲಿಗೊಂದು ಮಂಟಪವೂ ಆಯಿತು. ಹೆಬ್ಬಾಳದಂತಹ ಬಿಡುವಿಲ್ಲದ ಜಾಗದಲ್ಲಿ ಹನ್ನೆರಡು ಶತಮಾನಗಳನ್ನು ದಾಟಿದ ಕಲ್ಲೊಂದು ಯಾರ ಗಣನೆಗೂ ಬಾರದೆ ಇದ್ದಿರಬಹುದಾದರೆ, ನಾಗಸಂದ್ರದ ಸುತ್ತಲ ಹಳ್ಳಿಗಳನ್ನು ನೋಡಿ ಮುಗಿಸಲಾಗಿದೆ ಎಂದು ಭಾವಿಸಲು ಆಧಾರವಿಲ್ಲ.

1909ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಆರಂಭಿಸಿತು. ಇದು ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನೇ ಅಳೆದಿಡುವ ವಿಧಾನ. ಸವೆದ ಅಕ್ಷರವನ್ನು ಗಣಕದ ಪರದೆಯ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ಓದಬಹುದು. ಕಾಗದ ಒತ್ತಿ ಮಸಿಯಿಂದ ಪಡಿಯಚ್ಚು ತೆಗೆಯುವ ಹಳೆಯ ಕ್ರಮಕ್ಕಿಂತ ಇದರ ಅನುಕೂಲಗಳು ಸ್ಪಷ್ಟ. ಆದರೆ ಅಂತಹ ಯಂತ್ರ ಎಲ್ಲರ ಕೈಗೆ ಎಟುಕುವುದಲ್ಲ, ಎಲ್ಲ ಮೋರಿಯ ಬದಿಗೂ ತಲುಪುವುದಲ್ಲ. ಊರಿನ ನಿವಾಸಿಯ ಕೈಯಲ್ಲಿರುವ ಸಾಧಾರಣ ಕ್ಯಾಮೆರಾ, ಈಗಂತೂ ಮೊಬೈಲ್ ಫೋನು, ಮೊದಲು ತಲುಪುತ್ತದೆ. ಆ ಮೊದಲ ಚಿತ್ರವೇ ಎಷ್ಟೋ ಬಾರಿ ಕೊನೆಯ ಚಿತ್ರವೂ ಆಗುವುದರಿಂದ ಅದನ್ನು ಹೇಗೆ ತೆಗೆಯಬೇಕೆಂಬುದು ಗೌಣ ವಿಷಯವಲ್ಲ.

ಇಲ್ಲಿ ಬೆಳಕಿನ ಪಾತ್ರ ಬಹುಮುಖ್ಯ. ಕೊರೆದ ಅಕ್ಷರವು ತನ್ನ ನೆರಳಿನಿಂದಲೇ ಕಾಣುವಂಥದು. ಬೆಳಕು ಎದುರಿನಿಂದ ಬಿದ್ದರೆ ನೆರಳು ಇಲ್ಲವಾಗಿ ಕಲ್ಲು ನುಣ್ಣಗೆ ಕಾಣುತ್ತದೆ. ಮೇಲ್ಮೈಯನ್ನು ಸವರಿಕೊಂಡು ಓರೆಯಾಗಿ ಬಿದ್ದರೆ ತೀರ ಸವೆದ ಗೆರೆಯೂ ಎದ್ದು ನಿಲ್ಲುತ್ತದೆ. ಬೆಳಗಿನ ಬಿಸಿಲಿನಲ್ಲಿ ಚಿತ್ರ ತೆಗೆಯಬೇಕೆಂಬ ಸಾಮಾನ್ಯ ಸಲಹೆ ಆದುದರಿಂದ ಎಲ್ಲ ಕಲ್ಲಿಗೂ ಸಲ್ಲದು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಅದರ ಅಕ್ಷರಗಳು ತೋರುವುದು ಹೊತ್ತೇರಿ ಬೆಳಕು ಮೇಲಿನಿಂದ ಜಾರತೊಡಗಿದಾಗ, ನಡುಹಗಲಿಗೆ ಸ್ವಲ್ಪ ಮುಂಚೆ. ಉತ್ತರಾಭಿಮುಖವಾದ ಕಲ್ಲಿನ ಸ್ಥಿತಿ ಇನ್ನೂ ಕಠಿಣ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಮಾತ್ರ ಅದಕ್ಕೆ ನೇರ ಬಿಸಿಲು. ಉಳಿದ ಆರು ತಿಂಗಳು ಅದು ನೆರಳಿನಲ್ಲೇ ಇರುತ್ತದೆ. ಅಂತಹ ಕಡೆ ಕನ್ನಡಿಯೊಂದರಿಂದ ಬಿಸಿಲನ್ನು ಪಕ್ಕದಿಂದ ತಿರುಗಿಸುವುದು ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿಯುವುದು ಪರಿಹಾರ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಕ್ಯಾಮೆರಾವನ್ನು ಕದಲಿಸದೆ ಮೂರು ಚಿತ್ರ ತೆಗೆದರೆ ಒಂದರಲ್ಲಿ ಮರೆಯಾದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ.

ಅಕ್ಷರಗಳಿಗೆ ಸುಣ್ಣದಕಡ್ಡಿಯನ್ನು ಅಥವಾ ಬಣ್ಣವನ್ನು ತುಂಬಿ ಚಿತ್ರ ತೆಗೆಯುವ ಅಭ್ಯಾಸ ಬಹಳ ಕಾಲದಿಂದ ಇದೆ. ಇದರಿಂದ ಚಿತ್ರ ಸ್ಫುಟವಾಗುವುದು ನಿಜ. ಆದರೆ ಹಾಗೆ ಮೂಡುವುದು ಕಲ್ಲಿನ ಪಾಠವಲ್ಲ, ಸುಣ್ಣದಕಡ್ಡಿ ಹಿಡಿದವನ ಓದು. ಅವನು ತಪ್ಪಿದ್ದರೆ ಮುಂದಿನವರೆಲ್ಲ ಅದೇ ತಪ್ಪನ್ನು ನೋಡುತ್ತಾರೆ. ಪೂಜೆಗೊಳ್ಳುವ ಕಲ್ಲುಗಳ ಮೇಲಿನ ಎಣ್ಣೆ, ಕುಂಕುಮ, ಇತ್ತೀಚಿನ ಎನಾಮೆಲ್ ಬಣ್ಣ ಇವುಗಳ ಪ್ರಶ್ನೆ ಬೇರೆ. ಸಂಶೋಧಕರು ಇವನ್ನು ಹಾನಿಯೆಂದಷ್ಟೇ ಪರಿಗಣಿಸುವುದುಂಟು. ಆದರೆ ಎಷ್ಟೋ ಕಲ್ಲುಗಳು ಉಳಿದಿರುವುದೇ ಪೂಜೆಯ ದೆಸೆಯಿಂದ ಎಂಬುದನ್ನು ಮರೆಯಬಾರದು. ಅರ್ಚಕರನ್ನೋ ಮನೆಯ ಹಿರಿಯರನ್ನೋ ಕೇಳಿ, ಅವರು ಆ ಕಲ್ಲನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಬರೆದುಕೊಂಡು, ಹೂವು ಕುಂಕುಮಗಳಿರುವಂತೆಯೇ ಒಂದು ಚಿತ್ರ ತೆಗೆಯಬೇಕು. ಒಬ್ಬ ವೀರನು ಯಾವ ದೇವರಾಗಿ ಮುಂದುವರಿದಿದ್ದಾನೆ ಎಂಬುದೂ ಚರಿತ್ರೆಯೇ.

ಚಿತ್ರವೊಂದೇ ದಾಖಲೆಯಾಗದು. ಇಂಗ್ಲೆಂಡಿನ ವಾರಿಕ್‌ಷೈರ್‌ನಲ್ಲಿ 1890ರಲ್ಲಿ ಹವ್ಯಾಸಿಗಳು ತಮ್ಮ ಊರುಗಳ ಹಳೆಯ ಕಟ್ಟಡ ಹಾಗೂ ಆಚರಣೆಗಳ ಚಿತ್ರಗಳನ್ನು ತೆಗೆದು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸುವ ಕಾರ್ಯ ಕೈಗೊಂಡರು. 1897ರಲ್ಲಿ ಬೆಂಜಮಿನ್ ಸ್ಟೋನ್ ಅವರ ಮುಂದಾಳುತನದಲ್ಲಿ ಅದೇ ಮಾದರಿ ದೇಶದ ಮಟ್ಟಕ್ಕೆ ವಿಸ್ತರಿಸಿತು. ಚಿತ್ರದೊಂದಿಗೆ ಸ್ಥಳ ಮತ್ತು ದಿನಾಂಕವೂ ಬರಬೇಕೆಂಬುದು ಇಂತಹ ಸಂಗ್ರಹಗಳ ಜೀವಾಳ. ನಾಗಸಂದ್ರದ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬಸವನಗುಡಿಯಲ್ಲಿಯೂ ನಾಗಸಂದ್ರ ವೃತ್ತವೊಂದಿದೆ. ‘ನಾಗಸಂದ್ರ, ಬೆಂಗಳೂರು’ ಎಂದಷ್ಟೇ ಬರೆದ ಚಿತ್ರ ನಗರದ ಯಾವ ತುದಿಯದೆಂದು ಐವತ್ತು ವರ್ಷಗಳ ನಂತರ ಯಾರು ಹೇಳಬಲ್ಲರು? ತಾಲ್ಲೂಕು, ಗ್ರಾಮ, ಸಾಧ್ಯವಾದರೆ ಸರ್ವೆ ನಂಬರು, ಹತ್ತಿರದ ಗುಡಿ ಅಥವಾ ಶಾಲೆ, ಕಲ್ಲಿನ ಮುಖದ ದಿಕ್ಕು, ಪಕ್ಕದಲ್ಲಿಟ್ಟ ಅಳತೆಪಟ್ಟಿ, ಇಷ್ಟಿದ್ದರೆ ಚಿತ್ರ ತನ್ನ ಕಾಲಿನ ಮೇಲೆ ನಿಲ್ಲುತ್ತದೆ. ಫೋನು ತಾನಾಗಿ ಸ್ಥಳವನ್ನು ನಮೂದಿಸುತ್ತದೆಂದು ನಂಬಿ ಕೂರುವಂತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದೊಡನೆ ಆ ಮಾಹಿತಿ ಕಳಚಿಹೋಗುತ್ತದೆ.

ಬರಹವಿರುವ ವಸ್ತುವೇ ತಪ್ಪುದಾರಿಗೆ ಎಳೆಯುವುದೂ ಉಂಟು. ಹಳೆಯ ಮನೆ ಕೆಡವುವಾಗ ರಾಶಿ ಬೀಳುವ ಮಂಗಳೂರು ಹೆಂಚುಗಳ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಶನ್ ಹೆಂಚಿನ ಮೇಲೆ 1865 ಎಂಬ ಅಂಕಿ ಕಂಡವರು ಮನೆ ಅಷ್ಟು ಹಳೆಯದೆಂದು ಹಿಗ್ಗುತ್ತಾರೆ. ಅದು ಮಂಗಳೂರಿನ ಜೆಪ್ಪಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. ಹೆಂಚು ಸುಟ್ಟ ವರ್ಷವಲ್ಲ.

ಶಿಲೆಯಲ್ಲದ ಕುರುಹುಗಳಿಗೆ ಈ ಪರಿಸರದಲ್ಲಿ ಕೊರತೆಯಿಲ್ಲ. ಹೆದ್ದಾರಿಯಿಂದ ಹೆಸರಘಟ್ಟದ ರಸ್ತೆ ಕವಲೊಡೆಯುವ ಎಡೆಗೆ ‘ಎಂಟನೇ ಮೈಲಿ’ ಎಂದು ಹೆಸರು. 1956ರ ಕಾಯಿದೆಯ ನಂತರ ಹಂತಹಂತವಾಗಿ ಮೆಟ್ರಿಕ್ ಅಳತೆ ಬಂದು ಮೈಲಿಗಲ್ಲುಗಳು ಕಿಲೋಮೀಟರ್ ಕಲ್ಲುಗಳಾದರೂ ಜನರ ಬಾಯಲ್ಲಿ ಎಣಿಕೆ ಮೈಲಿಯಲ್ಲೇ ನಿಂತಿದೆ. ಅದೇ ರಸ್ತೆಯ ಕೊನೆಯ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ರೂಪುಗೊಂಡ ಜಲಾಶಯದಿಂದ ಬೆಂಗಳೂರಿಗೆ ಕೊಳವೆಯ ನೀರು ಬಂದಿತು; ಆ ನೀರನ್ನು ಸೋಲದೇವನಹಳ್ಳಿಯ ಪಂಪುಮನೆಯ ಕಡೆಗೆ ತಂದ ಇಟ್ಟಿಗೆಯ ನಾಲೆಯ ಭಾಗಗಳು ದಾರಿಹೋಕರಿಗೆ ಬರಿಯ ಹಳೆಯ ಗೋಡೆಯಂತೆ ತೋರುತ್ತವೆ. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾರ್ಗ ಮಾದಾವರದವರೆಗೆ ಬೆಳೆದಾಗ ನಡುವಿನ ನಿಲ್ದಾಣವೊಂದಕ್ಕೆ ಚಿಕ್ಕಬಿದರಕಲ್ಲು ಎಂಬ ಹಳ್ಳಿಯ ಹೆಸರೇ ದೊರೆತುದು ಅಪರೂಪದ ಸಂಗತಿ.

ಇವುಗಳಲ್ಲಿ ಬೇಗನೆ ಅಳಿಯುವವು ಅಂಗಡಿಗಳ ನಾಮಫಲಕಗಳು. ‘8ನೇ ಮೈಲಿ’ ಎಂದು ವಿಳಾಸ ಬರೆದ, ಕುಂಚದಿಂದ ಬರೆಸಿದ ತಗಡಿನ ಫಲಕಗಳನ್ನು ಯಾರೂ ಸ್ಮಾರಕವೆಂದು ಎಣಿಸುವುದಿಲ್ಲ. ಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಸ್ವಾಗತಾರ್ಹವಾದುದೇ. ಆದರೆ ಅದರ ಜೊತೆಗೇ ಹಳೆಯ ಕೈಬರಹದ ಫಲಕಗಳೂ ಇಳಿದು, ಗಣಕದಲ್ಲಿ ಅಚ್ಚಾದ ಪ್ಲಾಸ್ಟಿಕ್ ಹಾಳೆಗಳು ಏರುತ್ತಿವೆ. ಒತ್ತಕ್ಷರವನ್ನು ಇಕ್ಕಟ್ಟಿನಲ್ಲಿ ಕೂರಿಸಿದ ರೀತಿ, ಕೆಳಮೂಲೆಯಲ್ಲಿ ಬರೆದವನು ಹಾಕಿದ ರುಜು, ಊರಿನ ಹೆಸರನ್ನು ‘ನಾಗಸಂದ್ರ’ ಎಂದೋ ‘ನಾಗಸಮುದ್ರ’ ಎಂದೋ ಕಾಣಿಸಿದ ಕ್ರಮ ಇವನ್ನು ನೋಡಬೇಕಾದವರು ಫಲಕ ಇಳಿಯುವ ಮುಂಚೆಯೇ, ಅಂಗಡಿಯವರ ಒಪ್ಪಿಗೆ ಪಡೆದು, ಎದುರಿಗೆ ನಿಂತು ಒಂದು ಮತ್ತು ರಸ್ತೆಯಾಚೆಯಿಂದ ಇನ್ನೊಂದು ಚಿತ್ರ ತೆಗೆದಿಡಬೇಕಾಗುತ್ತದೆ.