ಬಚ್ಚಲೊಲೆ ಸರಿಮಾಡಿಸಿದರೆ ಎಷ್ಟು ಉಳಿತಾಯ?



ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಸ್ನಾನದ ನೀರಿಗೆ ಬಚ್ಚಲ ಹಂಡೆ ಉರಿಸುವ ಮನೆಗಳು ಇನ್ನೂ ಇವೆ. ಒಲೆಯ ಬಾಯಿ ಅಗಲವಿದ್ದು ಹಂಡೆಗೆ ಮುಚ್ಚಳ ಇಲ್ದಿದ್ರೆ ಬಿಸಿಯೆಲ್ಲ ಹೊರಗೇ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ ಒಲೆಯಲ್ಲಿ ಬೆಂಕಿಯ ಸುತ್ತ ಮುಚ್ಚಿರುತ್ತದೆ, ಹೊಗೆ ಕೊಳವೆಯಲ್ಲಿ ಹೋಗುತ್ತದೆ. ಕಟ್ಟಿಗೆ ಕಡಿಮೆ ಸಾಕು.

ಇದಕ್ಕೆ ಸಂಘದಿಂದ ಸಾಲ ತೆಗೆಯುವ ಮೊದಲು ಲೆಕ್ಕ ಹಾಕೋಣ. ಒಂದು ವಾರ ಉರಿಸಿದ ಕಟ್ಟಿಗೆ ತೂಗಿ ಬರೆದಿಡಿ. ಒಲೆ ಸರಿಮಾಡಿಸಿದ ಸದಸ್ಯೆಯೂ ಅದೇ ವಾರ ತೂಗಲಿ. ಎರಡನ್ನೂ ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ.

ಉದಾಹರಣೆಗೆ, ನಿಮ್ಮಲ್ಲಿ ಒಬ್ಬರಿಗೆ 12 ಕಿಲೋ, ಅವರಲ್ಲಿ 8 ಕಿಲೋ ಎನ್ನೋಣ. ಐದು ಜನರ ಮನೆಗೆ ವಾರಕ್ಕೆ 20 ಕಿಲೋ ಉಳಿತಾಯ. ಕಿಲೋಗೆ 5 ರೂಪಾಯಿಯಾದರೆ 100 ರೂಪಾಯಿ, ತಿಂಗಳಿಗೆ ಸುಮಾರು 400. ಸಾಲ 4,000 ಇದ್ದರೆ ಅಸಲು ತೀರಲು ಹತ್ತು ತಿಂಗಳು, ಬಡ್ಡಿ ಬೇರೆ.

ಆದರೆ ಸ್ವಂತ ತೋಟದ ಮಡಲು, ತೆಂಗಿನ ಸಿಪ್ಪೆ ಉರಿಸುವವರಿಗೆ ಹೊಗೆ ತಪ್ಪೀತು, ಕಂತಿಗೆ ಹಣ ಹುಟ್ಟುವುದಿಲ್ಲ. ಅಂಥವರು ಮೊದಲು ಹಂಡೆಗೆ ಮುಚ್ಚಳ ಹಾಕಿ, ಕಟ್ಟಿಗೆ ಚೆನ್ನಾಗಿ ಒಣಗಿಸಿ. ಹಸಿ ಕಟ್ಟಿಗೆಯ ಬೆಂಕಿ ಅದರ ನೀರನ್ನು ಆರಿಸಲಿಕ್ಕೇ ಖರ್ಚಾಗುತ್ತದೆ, ಅಲ್ವಾ?